ಸಿಹಿ ಗುಳಿಗೆ, ಉಪ್ಪು ಕಣ್ಣೀರು: ದುಃಖದ ದಿನಗಳಿಗೆ ಹದಿಮೂರು ಸೂತ್ರ

ಪರೀಕ್ಷೆಯಲ್ಲಿ ಪಾಸಾಗುವುದಕ್ಕೆ, ವ್ಯಾಪಾರದಲ್ಲಿ ಮೇಲೆ ಬರುವುದಕ್ಕೆ, ಸಂದರ್ಶನದಲ್ಲಿ ಕೈ ನಡುಗದಿರುವುದಕ್ಕೆ ಸೂತ್ರ ಬರೆದುಕೊಟ್ಟವನು ನಾನು. ಸಾವಾದ ಮನೆಗೂ ಸೂತ್ರ ಬರೆದುಕೊಡಿ ಅಂದಾಗ ನಗು ಬಂತು. ದುಃಖದಲ್ಲಿ ಫಸ್ಟ್ ಕ್ಲಾಸ್ ಬಂದವರು ಯಾರಿದ್ದಾರೆ? ಆಮೇಲೆ ಅಮ್ಮನ ತಲೆದಿಂಬಿನ ಹತ್ತಿರ ಇರುತ್ತಿದ್ದ ಪುಟ್ಟ ಸೀಸೆ ನೆನಪಾಯಿತು. ಅಪ್ಪ ತೀರಿಕೊಂಡ ಎರಡನೇ ತಿಂಗಳು ಅಮ್ಮನನ್ನು ಊರಿನ ಹೋಮಿಯೋಪತಿ ಡಾಕ್ಟರಲ್ಲಿಗೆ ಕರೆದುಕೊಂಡು ಹೋಗಿದ್ದೆ. ಸಾಬೂದಾನಿ ಗಾತ್ರದ ಆ ಬಿಳಿ ಗುಳಿಗೆ ಏನು ಮಾಡಿತು, ಏನು ಮಾಡಲಿಲ್ಲ ಅಂತ ಇಷ್ಟು ವರ್ಷ ತಲೆ ಕೆಡಿಸಿಕೊಂಡಿದ್ದೇನೆ. ಅದರಿಂದ ದಕ್ಕಿದ್ದು ಇಷ್ಟು.

1. ಇದು ಕಾಯಿಲೆಯಲ್ಲ, ಆದರೆ ಮೈಗೆ ಗೊತ್ತಾಗುತ್ತದೆ

ಗಂಟಲಲ್ಲಿ ಉಂಡೆ ಸಿಕ್ಕಿಕೊಂಡ ಹಾಗೆ. ಮಾತಿನ ಮಧ್ಯೆ ಕಾರಣವಿಲ್ಲದೆ ನಿಟ್ಟುಸಿರು. ಬೆಳಗಿನ ಜಾವ ಮೂರೂವರೆಗೆ ಎಚ್ಚರ. ಅನ್ನಕ್ಕೆ ರುಚಿಯಿಲ್ಲ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಮೂರು ಸಲ ನೋಡುವುದು. ಹೋದವರು ಗೇಟು ತೆಗೆದ ಸದ್ದು ಕೇಳಿಸಿದಂತಾಗುವುದು. ಇದೆಲ್ಲ ಆಗುವಂಥದ್ದೇ, ಹುಚ್ಚು ಹಿಡಿಯುತ್ತಿದೆ ಎಂದು ಹೆದರಬೇಕಿಲ್ಲ. ಹೆಚ್ಚಿನವರಿಗೆ ತಿಂಗಳುಗಳು ಉರುಳಿದ ಹಾಗೆ, ಯಾವ ಮದ್ದೂ ಇಲ್ಲದೆ, ಇದರ ಮೊನೆ ಮೊಂಡಾಗುತ್ತದೆ. ಮುಂದೆ ಗುಳಿಗೆಯ ಲೆಕ್ಕ ಹಾಕುವಾಗ ಈ ಮಾತು ನೆನಪಿರಲಿ. ತಾನಾಗಿ ಇಳಿಯುವ ನೋವಿಗೆ ಯಾವ ಔಷಧ ಕೊಟ್ಟರೂ ಹೆಸರು ಔಷಧಕ್ಕೇ ಬರುತ್ತದೆ.

2. ಮೆಟ್ಟಿಲು ಎಣಿಸಬೇಡಿ

ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ: ದುಃಖಕ್ಕೆ ಐದು ಹಂತ ಎಂದು ವಾಟ್ಸಾಪಿನಲ್ಲಿ ಬರುತ್ತಲೇ ಇರುತ್ತದೆ. ಇದನ್ನು ಹೇಳಿದ ಎಲಿಸಬೆತ್ ಕೂಬ್ಲರ್ ರಾಸ್ ಅವರು 1969ರ ಪುಸ್ತಕದಲ್ಲಿ ಬರೆದದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳ ಬಗ್ಗೆ. ಉಳಿದುಕೊಂಡವರಿಗೆ ಅದನ್ನು ಅಂಟಿಸಿದ್ದು ಆಮೇಲೆ. 1999ರಲ್ಲಿ ನೆದರ್‌ಲ್ಯಾಂಡ್ಸ್‌ನ ಮಾರ್ಗರೆಟ್ ಸ್ಟ್ರೋಬ, ಹೆಂಕ್ ಶುಟ್ ಎಂಬ ಇಬ್ಬರು ಸಂಶೋಧಕರು ಹೇಳಿದ್ದು ನನಗೆ ಹೆಚ್ಚು ಸರಿ ಕಾಣುತ್ತದೆ. ಮನಸ್ಸು ನೋವಿನ ಕಡೆಗೊಮ್ಮೆ, ಬದುಕಿನ ಕಡೆಗೊಮ್ಮೆ ಓಲಾಡುತ್ತಿರುತ್ತದೆ, ಆ ಓಲಾಟವೇ ಆರೋಗ್ಯ ಎಂದರು ಅವರು. ಅಪ್ಪನ ಪಂಚೆ ಮಡಚುತ್ತಾ ಬೆಳಿಗ್ಗೆ ಅತ್ತ ಅಮ್ಮ, ಮಧ್ಯಾಹ್ನ ಅಡಿಕೆ ರೇಟಿಗೆ ವ್ಯಾಪಾರಿಯ ಹತ್ತಿರ ಜಗಳ ಮಾಡಿ ಕಿಲೋಗೆ ಎರಡು ರೂಪಾಯಿ ಜಾಸ್ತಿ ಮಾಡಿಸಿದರು. ಎರಡೂ ಅದೇ ಅಮ್ಮನೇ.

3. ಕ್ಯಾಲೆಂಡರನ್ನು ಬಳಸಿಕೊಳ್ಳಿ

ಮೂರನೇ ದಿನದ ಹಾಲುತುಪ್ಪ, ಹನ್ನೊಂದು, ಹದಿಮೂರು, ಮಾಸಿಕ, ವರ್ಷಾಂತ, ಮಹಾಲಯ ಅಮಾವಾಸ್ಯೆ. ಕೆಲವರಲ್ಲಿ ನಲವತ್ತನೇ ದಿನ, ಕೆಲವರಲ್ಲಿ ನವೆಂಬರ್ 2ರ ಸಕಲ ಆತ್ಮಗಳ ದಿನ. ನಂಬಿಕೆ ಇರಲಿ ಬಿಡಲಿ, ಇವುಗಳ ಜೋಡಣೆ ಗಮನಿಸಿ: ಮೊದಲು ಒತ್ತೊತ್ತಾಗಿ, ಆಮೇಲೆ ದೂರ ದೂರ. ಅಳುವುದಕ್ಕೊಂದು ದಿನ, ಅಡುಗೆಯವರ ಲೆಕ್ಕ ಚುಕ್ತಾ ಮಾಡುವುದಕ್ಕೊಂದು ದಿನ. ಶಾಸ್ತ್ರ ಬೇಡ ಎನ್ನುವವರು ಹೋದವರಿಗೆ ಇಷ್ಟವಾದ ಅಡುಗೆ ಮಾಡಿ ನಾಲ್ಕು ಜನರನ್ನು ಕರೆಯಿರಿ. ಖಾಲಿ ಬಿಡಬೇಡಿ.

4. 21 ದಿನದೊಳಗೆ ಮರಣ ನೋಂದಣಿ ಮಾಡಿಸಿ

ಕಾನೂನಿನ ಅವಧಿ ಅದು, ಆಮೇಲೆ ದಂಡ, ಅಲೆದಾಟ. ಪ್ರಮಾಣಪತ್ರದ ಹತ್ತು ಪ್ರತಿ ತೆಗೆದಿಡಿ. ಬ್ಯಾಂಕು, ಪಿಂಚಣಿ, ಖಾತೆ ಬದಲಾವಣೆ, ವಿಮೆ, ಗ್ಯಾಸು, ಎಲ್ಲರೂ ಕೇಳುತ್ತಾರೆ. ನಾನು ಅಪ್ಪನ ಚಿತೆಯ ಮುಂದೆ ಅಳಲಿಲ್ಲ, ಫಾರಂನಲ್ಲಿ ‘ಮೃತರಿಗೆ ಅರ್ಜಿದಾರರ ಸಂಬಂಧ’ ಎಂಬ ಕಾಲಂ ಬಂದಾಗ ಅತ್ತೆ. ಒಬ್ಬರೇ ಹೋಗಬೇಡಿ ಎನ್ನುವುದಕ್ಕೆ ಇದನ್ನು ಹೇಳಿದೆ.

5. ಗುಳಿಗೆ ನುಂಗುವ ಮೊದಲು ಅದು ಏನೆಂದು ತಿಳಿಯಿರಿ

ಹೋಮಿಯೋಪತಿ ಕಟ್ಟಿದವರು ಜರ್ಮನಿಯ ಸಾಮ್ಯುಯೆಲ್ ಹಾನಿಮನ್, 1755ರಲ್ಲಿ ಹುಟ್ಟಿದವರು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂದು ನಾವು ಹೇಳುತ್ತೇವಲ್ಲ, ಅವರ ಸಿದ್ಧಾಂತವೂ ಹೆಚ್ಚುಕಡಿಮೆ ಅದೇ: ಗಟ್ಟಿಮುಟ್ಟಾದವನಲ್ಲಿ ಯಾವ ವಸ್ತು ಯಾವ ಲಕ್ಷಣ ತರುತ್ತದೋ ಅದೇ ಲಕ್ಷಣದ ರೋಗಿಗೆ ಅದೇ ಮದ್ದು. ಎರಡನೆಯ ಸಿದ್ಧಾಂತ ವಿಚಿತ್ರ. ಮದ್ದನ್ನು ತೆಳು ಮಾಡಿದಷ್ಟೂ ಅದರ ಶಕ್ತಿ ಹೆಚ್ಚುತ್ತದಂತೆ.

ಸೀಸೆಯ ಮೇಲೆ 30 ಎಂದು ಬರೆದಿರುತ್ತದಲ್ಲ, ಅದರ ಲೆಕ್ಕ ಹೀಗೆ. ಒಂದು ಹನಿ ಮೂಲ ಅರ್ಕ, 99 ಹನಿ ಮದ್ಯಸಾರ, ಚೆನ್ನಾಗಿ ಕುಲುಕುವುದು. ಅದರಿಂದ ಒಂದು ಹನಿ, ಮತ್ತೆ 99. ಹೀಗೆ 30 ಸುತ್ತು. ಒಂದರ ಮುಂದೆ 60 ಸೊನ್ನೆ ಬರೆದರೆ ಎಷ್ಟೋ ಅಷ್ಟು ಪಾಲಿನಲ್ಲಿ ಒಂದು ಪಾಲು. ರಸಾಯನಶಾಸ್ತ್ರ ಓದಿದವರು ಅವೊಗಾಡ್ರೊ ಸಂಖ್ಯೆ ನೆನಪಿಸಿಕೊಳ್ಳಿ. 12ನೇ ಸುತ್ತು ದಾಟುವಷ್ಟರಲ್ಲಿ ಮೂಲವಸ್ತುವಿನ ಒಂದು ಅಣು ಉಳಿದಿರುವುದೂ ಅನುಮಾನ. 200ರ ಸೀಸೆಯ ಮಾತು ಹಾಗಿರಲಿ.

ದುಃಖಕ್ಕೆ ಮೊದಲು ಕೊಡುವ ಇಗ್ನೇಷಿಯಾ ಬಂದದ್ದು ಫಿಲಿಪೀನ್ಸ್ ಕಡೆಯ ಒಂದು ಬೀಜದಿಂದ. ಜೆಸ್ವಿಟ್ ಪಾದ್ರಿಗಳು ತಮ್ಮ ಸಂಘದ ಸ್ಥಾಪಕ ಸಂತ ಇಗ್ನೇಷಿಯಸರ ಹೆಸರನ್ನು ಅದಕ್ಕಿಟ್ಟರು. ನಮ್ಮ ಕಾಡಿನ ಕಾಸರಕ ಅದರ ದಾಯಾದಿ, ಎರಡರಲ್ಲೂ ಇರುವುದು ಸ್ಟ್ರಿಕ್ನೀನ್ ಎಂಬ ಘೋರ ವಿಷ. ಆಟಿ ಅಮಾವಾಸ್ಯೆಗೆ ಕತ್ತಲಲ್ಲಿ ಹಾಲೆ ಮರದ ಕೆತ್ತೆ ತರುವಾಗ ತಪ್ಪಿ ಕಾಸರಕದ್ದು ತಂದೀರಿ ಎಂದು ನಮ್ಮ ಕಡೆ ಹಿರಿಯರು ಈಗಲೂ ಎಚ್ಚರಿಸುತ್ತಾರೆ. 30ರ ಗುಳಿಗೆಯಲ್ಲಿ ಆ ಭಯವಿಲ್ಲ. ವಿಷ ಉಳಿದಿದ್ದರೆ ತಾನೆ? ಆದರೆ ತೆಳು ಮಾಡದ ಮದರ್ ಟಿಂಕ್ಚರ್ ಬೇರೆಯೇ ಸಂಗತಿ. ಅದರಲ್ಲಿ ವಸ್ತು ನಿಜವಾಗಿ ಇರುತ್ತದೆ. ಯೂಟ್ಯೂಬ್ ನೋಡಿ ತರಿಸಬೇಡಿ.

ಅದೇ ಜೆಸ್ವಿಟ್ ಸಂಘದ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪತಿ ಮದ್ದು ಹಂಚತೊಡಗಿದರು. ಇವತ್ತು ಅಲ್ಲಿ ದೊಡ್ಡ ಅಲೋಪತಿ ಆಸ್ಪತ್ರೆ ನಿಂತಿದೆ. ಕರಾವಳಿಯ ಎಷ್ಟೋ ಮನೆಗಳ ಕಪಾಟಿನಲ್ಲಿ ಸಿಹಿ ಗುಳಿಗೆ ಇರುವುದಕ್ಕೆ ಅಷ್ಟು ಹಳೆಯ ಬೇರಿದೆ.

6. ಔಷಧದ ಪಟ್ಟಿಯನ್ನು ಓದಿ, ನಿಮ್ಮ ಮನೆಯವರೇ ಕಾಣುತ್ತಾರೆ

ಹೋಮಿಯೋಪತಿಯ ಗ್ರಂಥಗಳಲ್ಲಿ ನನಗೆ ಇಷ್ಟವಾದದ್ದು ಈ ಭಾಗ. ಮದ್ದಿನ ವರ್ಣನೆಯೆಂದು ಓದತೊಡಗಿದರೆ ಕಾದಂಬರಿಯ ಪಾತ್ರಗಳು ಎದ್ದು ಬರುತ್ತವೆ.

ಇಗ್ನೇಷಿಯಾ ಎಂದರೆ ಹಸಿ ದುಃಖ. ನಿಟ್ಟುಸಿರು, ಗಂಟಲ ಉಂಡೆ, ಈಗ ನಗು, ಮರುಕ್ಷಣ ಅಳು. ಪಲ್ಸಟಿಲ್ಲಾದವರು ಯಾರ ಮುಂದಾದರೂ ಅಳುತ್ತಾರೆ, ಬೆನ್ನು ಸವರಿದರೆ ಸಮಾಧಾನವಾಗುತ್ತಾರೆ, ಕಿಟಕಿ ತೆರೆಯಿರಿ ಎನ್ನುತ್ತಾರೆ. ಫಾಸ್ಫಾರಿಕ್ ಆಸಿಡ್‌ನವರು ಅಳುವುದೂ ಇಲ್ಲ; ಕೇಳಿದ್ದಕ್ಕೆ ‘ಹೂಂ’, ಮತ್ತೆ ಗೋಡೆಯ ಕಡೆ. ಸ್ಟಾಫಿಸಾಗ್ರಿಯಾದವರದ್ದು ನುಂಗಿದ ಸಿಟ್ಟು: ಆಸ್ತಿ ಪಾಲಿನ ದಿನ ಅಣ್ಣ ಆಡಿದ ಮಾತನ್ನು ಅಪ್ಪನ ಸಾವಿನ ಜೊತೆ ಗಂಟು ಹಾಕಿ ಇಟ್ಟುಕೊಂಡವರು.

ಇನ್ನು ನೇಟ್ರಂ ಮ್ಯೂರ್. ಹಳೆಯ, ಬೀಗ ಹಾಕಿದ ದುಃಖ. ಬಾಗಿಲು ಹಾಕಿಕೊಂಡು ಅಳುವವರು, ಸಮಾಧಾನ ಹೇಳಹೋದರೆ ಸಿಡುಕುವವರು, ಉಪ್ಪು ಜಾಸ್ತಿ ತಿನ್ನುವವರು. ಈ ಮದ್ದು ಏನು ಗೊತ್ತೇ? ಅಡುಗೆಮನೆಯ ಉಪ್ಪು! ಉಪ್ಪಿನಲ್ಲಿ ಉಪ್ಪೇ ಉಳಿಯದಂತೆ ತೆಳು ಮಾಡಿ ಸಕ್ಕರೆ ಗುಳಿಗೆಯ ಮೇಲೆ ಸವರಿದ್ದು.

ಎರಡು ಶತಮಾನ ರೋಗಿಗಳ ಮುಂದೆ ಕೂತು ಕೇಳಿಸಿಕೊಂಡ ವೈದ್ಯರು ಬರೆದಿಟ್ಟ ಚಿತ್ರಗಳಿವು. ಒಂದೇ ಸಾವಿಗೆ ಒಂದೇ ಮನೆಯ ಐವರು ಐದು ಥರ ಅಳುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ‘ಅಕ್ಕ ಅಷ್ಟು ಅತ್ತಳು, ನೀನು ಒಂದು ಹನಿ ಹಾಕಲಿಲ್ಲ’ ಎನ್ನುವ ಚಿಕ್ಕಮ್ಮಂದಿರಿಗೆ ಈ ಪಟ್ಟಿಯನ್ನು ಓದಿಸಬೇಕು.

7. ಆಧಾರ ಕೇಳಲು ನಾಚಬೇಡಿ

ಆಸ್ಟ್ರೇಲಿಯಾದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಮಂಡಳಿ 176 ಅಧ್ಯಯನಗಳನ್ನು ಜಾಲಾಡಿ 2015ರಲ್ಲಿ ಹೇಳಿತು: ಹೋಮಿಯೋಪತಿ ಕೆಲಸ ಮಾಡುತ್ತದೆ ಎಂಬುದಕ್ಕೆ ನಂಬಲರ್ಹ ಪುರಾವೆ ಯಾವ ಕಾಯಿಲೆಯಲ್ಲೂ ಸಿಗಲಿಲ್ಲ. ಬ್ರಿಟನ್ನಿನ ಸಂಸದೀಯ ಸಮಿತಿ 2010ರಲ್ಲೇ, ಹುಸಿಗುಳಿಗೆಗಿಂತ ಇದರಿಂದ ಹೆಚ್ಚೇನೂ ಆಗುವುದಿಲ್ಲ ಎಂದಿತ್ತು. 2021ರಿಂದ ಫ್ರಾನ್ಸ್ ಸರಕಾರ ಇದರ ಖರ್ಚು ಭರಿಸುವುದನ್ನು ನಿಲ್ಲಿಸಿತು. ನಮ್ಮಲ್ಲಿ ಆಯುಷ್ ಸಚಿವಾಲಯವಿದೆ, ಐದೂವರೆ ವರ್ಷದ ಪದವಿ ಇದೆ, ಸರಕಾರಿ ಆಸ್ಪತ್ರೆಗಳಿವೆ. ಮನ್ನಣೆ ಬೇರೆ, ಪುರಾವೆ ಬೇರೆ.

ಒಂದು ಹಳೆಯ ಸಂಗತಿ. 1843ರ ಜುಲೈನಲ್ಲಿ ಹಾನಿಮನ್ ಪ್ಯಾರಿಸಿನಲ್ಲಿ ತೀರಿಕೊಂಡಾಗ ಅವರ ಹೆಂಡತಿ ಮೆಲನಿ ದೇಹವನ್ನು ಒಂದು ವಾರಕ್ಕೂ ಹೆಚ್ಚು ದಿನ ಮನೆಯಲ್ಲೇ ಇಟ್ಟುಕೊಂಡು, ಆಮೇಲೆ ಸದ್ದಿಲ್ಲದೆ ಮಣ್ಣು ಮಾಡಿಸಿದರು. ಆ ಮನೆಯಲ್ಲಿ ಇಗ್ನೇಷಿಯಾಕ್ಕೆ ಕೊರತೆ ಇತ್ತೆಂದು ಯಾರೂ ಹೇಳಲಾರರು.

8. ಕೇಳಿಸಿಕೊಳ್ಳುವ ಡಾಕ್ಟರನ್ನು ಹುಡುಕಿ

ಎಲ್ಲಕ್ಕಿಂತ ಮುಖ್ಯವಾದ ಸೂತ್ರ ನನ್ನ ಲೆಕ್ಕದಲ್ಲಿ ಇದೇ.

ಅಮ್ಮ ಡಾಕ್ಟರ ಎದುರು ಕೂತರು. ಮರದ ಕುರ್ಚಿ, ಹಿಂದೆ ಗಾಜಿನ ಕಪಾಟು ತುಂಬ ಸೀಸೆ. ಡಾಕ್ಟರು ಬಿ.ಪಿ. ನೋಡಿದರು, ದಪ್ಪ ನೋಟು ಪುಸ್ತಕ ತೆರೆದರು. ಬಾಯಾರಿಕೆ ಹೇಗೆ, ಉಪ್ಪು ಜಾಸ್ತಿಯೋ ಸಿಹಿ ಜಾಸ್ತಿಯೋ, ಸೆಕೆ ಆಗ್ತದೋ ಚಳಿ ಆಗ್ತದೋ. ಅಮ್ಮ ಹೂಂ, ಉಹೂಂ ಎನ್ನುತ್ತಿದ್ದರು. ಆಮೇಲೆ ಅವರು ಕೇಳಿದರು:

“ಅಮ್ಮ, ರಾತ್ರಿ ಯಾವ ಮಗ್ಗುಲಿಗೆ ಮಲಗ್ತೀರಿ?”

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಮೊದಲು ಎಡಕ್ಕೆ. ಅವರು ಗೊರಕೆ ಹೊಡೀತಿದ್ರು, ಅದಕ್ಕೆ ಆಚೆ ತಿರುಗಿ ಮಲಗ್ತಿದ್ದೆ. ನಲವತ್ತೊಂದು ವರ್ಷ ಹಾಗೇ. ಈಗ ಬಲಕ್ಕೆ ಮಲಗ್ತೇನೆ. ಅವರ ಜಾಗ ಕಾಣ್ತದೆ.”

ಡಾಕ್ಟರು ಪೆನ್ನು ಕೆಳಗಿಟ್ಟರು. ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು ಆ ಭೇಟಿ. ಎರಡು ತಿಂಗಳಲ್ಲಿ ಮನೆಗೆ ಬಂದ ಜನಕ್ಕೆ ಲೆಕ್ಕವಿಲ್ಲ. ‘ಹೇಗೆ ಹೋದರು’ ಎಂದು ಎಲ್ಲರೂ ಕೇಳಿದ್ದರು, ‘ಹೇಗೆ ಮಲಗುತ್ತೀರಿ’ ಎಂದು ಮಗನಾದ ನಾನೂ ಕೇಳಿರಲಿಲ್ಲ.

ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರು ಸಂಧಿವಾತದ 83 ರೋಗಿಗಳ ಮೇಲೆ ಒಂದು ಪರೀಕ್ಷೆ ಮಾಡಿ 2011ರಲ್ಲಿ ಪ್ರಕಟಿಸಿದರು. ಕೆಲವರಿಗೆ ಹೋಮಿಯೋಪತಿಯ ದೀರ್ಘ ಸಂದರ್ಶನ, ಕೆಲವರಿಗೆ ಬರೀ ಗುಳಿಗೆ. ಅದರಲ್ಲೂ ಕೆಲವರಿಗೆ ಅಸಲಿ, ಕೆಲವರಿಗೆ ಹುಸಿ. ಸಂದರ್ಶನ ಸಿಕ್ಕವರು ಸುಧಾರಿಸಿದರು. ಗುಳಿಗೆ ಅಸಲಿಯೋ ಹುಸಿಯೋ ಎಂಬುದರಿಂದ ಏನೂ ವ್ಯತ್ಯಾಸವಾಗಲಿಲ್ಲ. ಅದನ್ನು ಓದಿದಾಗ ಅಮ್ಮನ ಮಗ್ಗುಲು ನೆನಪಾಯಿತು. ಸಂಧಿವಾತದ ಮಾತು ದುಃಖಕ್ಕೂ ಹೊಂದುತ್ತದೆ ಎನ್ನುವುದು ನನ್ನ ಊಹೆ, ಆದರೆ ಬಲವಾದ ಊಹೆ.

ಹಾಗಾಗಿ ಎರಡು ನಿಮಿಷದಲ್ಲಿ ಸೀಸೆ ಕೈಗಿಟ್ಟು ‘ನೆಕ್ಸ್ಟ್’ ಎನ್ನುವ ಹೋಮಿಯೋಪತಿಯವರಲ್ಲಿಗೆ ಹೋಗಿ ಪ್ರಯೋಜನವಿಲ್ಲ. ಗೋಡೆಯ ಮೇಲೆ ಬಿ.ಎಚ್.ಎಂ.ಎಸ್. ಪದವಿ, ನೋಂದಣಿ ಸಂಖ್ಯೆ ಇದೆಯೇ ನೋಡಿ. ಅವರು ಬರೆದುಕೊಳ್ಳುತ್ತಾರೆಯೇ ನೋಡಿ. ‘ಆರು ತಿಂಗಳ ಪ್ಯಾಕೇಜ್’ ಎಂದರೆ ಚಪ್ಪಲಿ ಮೆಟ್ಟಿಕೊಳ್ಳಿ.

9. ಗುಳಿಗೆಯನ್ನು ಗಡಿಯಾರ ಮಾಡಿಕೊಳ್ಳಿ

ಬೆಳಿಗ್ಗೆ ನಾಲ್ಕು, ರಾತ್ರಿ ನಾಲ್ಕು. ಕೈಯಲ್ಲಿ ಮುಟ್ಟಬಾರದು, ಮುಚ್ಚಳಕ್ಕೆ ಸುರಿದು ನಾಲಿಗೆಯಡಿ ಹಾಕಬೇಕು, ಅರ್ಧ ಗಂಟೆ ಏನೂ ತಿನ್ನಬಾರದು, ಕರ್ಪೂರ ಹತ್ತಿರ ಇಡಬಾರದು, ಕಾಫಿ ಕೂಡದು. ಕಾಫಿಯ ಮೇಲೆ ಹಾನಿಮನ್‌ಗೇ ಕೋಪವಿತ್ತು. ಅಮ್ಮ ಇದನ್ನು ಕೇಳಿ ಎರಡು ತಿಂಗಳಲ್ಲಿ ಮೊದಲ ಸಲ ನಕ್ಕರು: “ಕಾಫಿ ಕುಡಿದ್ರೆ ಮದ್ದು ಓಡಿಹೋಗ್ತದಾದ್ರೆ, ಕಾಫಿಯೇ ದೊಡ್ಡ ಮದ್ದು ಆಯ್ತಲ್ಲ ಮಗಾ.”

ಆದರೂ ಏಳುವುದಕ್ಕೊಂದು ಹೊತ್ತು, ಮಲಗುವುದಕ್ಕೊಂದು ಹೊತ್ತು ಗೊತ್ತಾಯಿತು. ಸಾವಾದ ಮನೆಯಲ್ಲಿ ಮೊದಲು ಕೆಡುವುದು ಹೊತ್ತು. ಹುಸಿಗುಳಿಗೆ ಎಂದು ಹೇಳಿಯೇ ಕೊಟ್ಟರೂ ಕೆಲವರಿಗೆ ಆರಾಮಾಗುತ್ತದೆ ಎಂದು ಹಾರ್ವರ್ಡಿನವರು 2010ರಲ್ಲಿ ಕರುಳಿನ ತೊಂದರೆಯ 80 ರೋಗಿಗಳಲ್ಲಿ ತೋರಿಸಿದ್ದಾರೆ. ಗುಳಿಗೆಯೇ ಬೇಕೆಂದಿಲ್ಲ. ತುಳಸಿಗೆ ನೀರು, ಸಂಜೆ ನಡಿಗೆ, ನಾಯಿಗೆ ಅನ್ನ, ಯಾವುದಾದರೂ ಸರಿ. ಹೊತ್ತು ತಪ್ಪಬಾರದು.

10. ಬೇರೆ ಮಾತ್ರೆ ಬಿಟ್ಟೀರಿ, ಜೋಕೆ

ಸಿಹಿ ಗುಳಿಗೆಯಿಂದ ಆಗುವ ಅಪಾಯ ಅದರೊಳಗಿಲ್ಲ. ಅದನ್ನು ನಂಬಿ ಬಿ.ಪಿ., ಸಕ್ಕರೆ, ಥೈರಾಯ್ಡ್, ಖಿನ್ನತೆಯ ಮಾತ್ರೆ ನಿಲ್ಲಿಸುವುದರಲ್ಲಿದೆ. ‘ಇಂಗ್ಲಿಷ್ ಮದ್ದು ಬಿಟ್ಟರೆ ಮಾತ್ರ ಇದು ಹಿಡಿಯುವುದು’ ಎನ್ನುವ ವೈದ್ಯರಿದ್ದರೆ ಅವರನ್ನೇ ಬಿಡಿ. ನಮ್ಮ ಡಾಕ್ಟರು ಅಮ್ಮನ ಬಿ.ಪಿ. ಮಾತ್ರೆಯ ಹೆಸರು ಬರೆದುಕೊಂಡು, “ಇದು ತಪ್ಪಬಾರದು” ಎಂದು ಎರಡು ಸಲ ಹೇಳಿದರು.

ಎದೆನೋವನ್ನು ‘ದುಃಖ’ ಎಂದು ತಳ್ಳಿಹಾಕಬೇಡಿ. 1990ರಲ್ಲಿ ಜಪಾನಿನ ವೈದ್ಯರು ಒಂದು ಹೃದಯದ ತೊಂದರೆ ಗುರುತಿಸಿ, ಆಕಾರ ನೋಡಿ, ಆಕ್ಟೋಪಸ್ ಹಿಡಿಯುವ ಮಡಕೆಯ ಹೆಸರಿಟ್ಟರು: ತಕೋತ್ಸುಬೊ. ದೊಡ್ಡ ಆಘಾತದ ಬೆನ್ನಿಗೆ, ಹೆಚ್ಚಾಗಿ ಮುಟ್ಟು ನಿಂತ ಹೆಂಗಸರಲ್ಲಿ, ಥೇಟ್ ಹೃದಯಾಘಾತದ ಹಾಗೇ ಬರುತ್ತದೆ. ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ, ಆದರೆ ಆಸ್ಪತ್ರೆಗೆ ಹೋದರೆ. ಎದೆ ಹಿಡಿದುಕೊಂಡವರಿಗೆ ಇಗ್ನೇಷಿಯಾ ಹುಡುಕುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ.

11. ಗಂಡಸರೇ, ಅತ್ತುಬಿಡಿ

ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬೇಡ ಅಂತೊಂದು ಗಾದೆಯಿದೆ. ಎರಡು ಅರ್ಧವೂ ಸುಳ್ಳು. ಅಳದೆ ಇದ್ದವರು ರಾತ್ರಿ ಎಂಟರ ಮೇಲೆ ಬಾರಿನಲ್ಲಿ ಸಿಗುತ್ತಾರೆ. ಕುಡಿತ ನಿದ್ದೆ ತರುವುದಿಲ್ಲ, ಮಂಪರು ತಂದು ಮೂರು ಗಂಟೆಗೆ ಎಬ್ಬಿಸುತ್ತದೆ. ಮಕ್ಕಳಿಗೂ ಒಂದು ಮಾತು: ‘ಅಜ್ಜ ಊರಿಗೆ ಹೋಗಿದ್ದಾರೆ’ ಎನ್ನಬೇಡಿ. ಸತ್ತರು ಎಂದೇ ಹೇಳಿ. ಇಲ್ಲದಿದ್ದರೆ ನೀವು ಊರಿಗೆ ಹೊರಟ ದಿನ ಮಗು ಬಾಗಿಲು ಹಿಡಿದು ಅಳುತ್ತದೆ.

12. ಗುಳಿಗೆ ಸಾಲದ ಜಾಗ ಗುರುತಿಸಿ

ಸಾಯಬೇಕು ಎಂಬ ಮಾತು, ಅವರ ಹತ್ತಿರ ಹೋಗುತ್ತೇನೆ ಎಂಬ ಮಾತು ಬಾಯಲ್ಲಿ ಬಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಹೋಮಿಯೋಪತಿಯವರು ಇದಕ್ಕೆ ಆರಂ ಎಂಬ ಚಿನ್ನದ ಮದ್ದು ಹೇಳುತ್ತಾರೆ. ಈ ಜಾಗದಲ್ಲಿ ಆ ಚಿನ್ನ ನನಗೆ ಬೇಡ. ಅವರನ್ನು ಒಂಟಿಯಾಗಿ ಬಿಡದೆ ಅವತ್ತೇ ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ. ಅನ್ನ ಬಿಟ್ಟವರು, ಸ್ನಾನ ಬಿಟ್ಟವರು, ಕುಡಿತ ಹಿಡಿದವರೂ ಇದೇ ಲೆಕ್ಕ.

ಹಂಬಲ ಇಳಿಯದೆ, ದಿನದ ಕೆಲಸವೂ ಆಗದೆ ತಿಂಗಳುಗಟ್ಟಲೆ ನಿಂತುಬಿಟ್ಟರೆ ಅದಕ್ಕೀಗ ವೈದ್ಯಶಾಸ್ತ್ರದಲ್ಲಿ ಹೆಸರಿದೆ: ದೀರ್ಘಕಾಲದ ಶೋಕ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಕನಿಷ್ಠ ಆರು ತಿಂಗಳು ಎನ್ನುತ್ತದೆ. ಅಮೆರಿಕದ ಮನೋವೈದ್ಯರ ಕೈಪಿಡಿ 2022ರಿಂದ ದೊಡ್ಡವರಿಗೆ ಒಂದು ವರ್ಷ ಎನ್ನುತ್ತದೆ. ನಮ್ಮ ವರ್ಷಾಂತದ ಲೆಕ್ಕವೂ ಅದೇ! ಇದಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆ ಇದೆ, ಫಲವೂ ಇದೆ. ಎಲ್ಲಿಂದ ಶುರು ಮಾಡುವುದು ಎಂದರೆ 14416, ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದ ಸರಕಾರಿ ಸಹಾಯವಾಣಿ, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲೂ ರಾತ್ರಿಯೂ ಇದೆ, ಕನ್ನಡದಲ್ಲೇ ಮಾತಾಡಬಹುದು, ಕಾಸಿಲ್ಲ.

13. ಹದಿನಾಲ್ಕನೇ ದಿನ ಹೋಗಿ

ಇದು ದುಃಖದಲ್ಲಿರುವವರಿಗಲ್ಲ, ಅವರ ಬೀದಿಯಲ್ಲಿರುವವರಿಗೆ. ಹದಿಮೂರಕ್ಕೆ ಊಟ ಮಾಡಿ ಎಲೆ ಅಡಿಕೆ ಹಾಕಿಕೊಂಡು ಎಲ್ಲರೂ ಹೊರಡುತ್ತಾರೆ. ಶಾಮಿಯಾನ ಬಿಚ್ಚುತ್ತಾರೆ, ಬಾಡಿಗೆ ಪಾತ್ರೆ ವಾಪಸು ಹೋಗುತ್ತದೆ. ಮರುದಿನ ಬೆಳಿಗ್ಗೆ ಆ ಮನೆಯಲ್ಲಿ ಒಬ್ಬರೇ ಇರುತ್ತಾರೆ. ನಿಮ್ಮ ಬೀದಿಯಲ್ಲಿ ಅಂಥ ಮನೆ ಒಂದಾದರೂ ಇದ್ದೇ ಇದೆ. ಈ ಭಾನುವಾರ ಹೋಗಿ. ಹಣ್ಣು ಹಂಪಲು ಬೇಡ, ವೇದಾಂತವೂ ಬೇಡ, ‘ಎಲ್ಲ ಒಳ್ಳೇದಕ್ಕೇ’ ಅಂತ ಮಾತ್ರ ಅನ್ನಲೇಬೇಡಿ. ಮೊಬೈಲನ್ನು ಗಾಡಿಯಲ್ಲೇ ಬಿಟ್ಟು ಒಂದು ಗಂಟೆ ಕೂತುಕೊಳ್ಳಿ. ರಾತ್ರಿ ನಿದ್ದೆ ಹೇಗೆ, ಊಟಕ್ಕೆ ಏನು ಮಾಡಿಕೊಂಡಿರಿ ಎಂದು ಕೇಳಿ. ಕಾಫಿ ಕೊಟ್ಟರೆ ಬೇಡ ಎನ್ನದೆ ಕುಡಿದು ಬನ್ನಿ.